ಸಶಸ್ತ್ರ ಇಸ್ಲಾಂವಾದಿ ಸಂಘಟನೆಗಳು: ಗುರಿ ಮತ್ತು ಪ್ರೇರಣೆ

ಇಸ್ಲಾಮಿನ ಹೆಸರಿನಲ್ಲಿ ರಾಜ್ಯಾಧಿಕಾರ ಹಿಡಿಯಲು, ಇಲ್ಲವೇ ಇರುವ ರಾಜ್ಯವ್ಯವಸ್ಥೆಯನ್ನು ಕೆಡವಲು ಆಯುಧ ಎತ್ತಿದ ಆಧುನಿಕ ಸಂಘಟನೆಗಳ ಚರಿತ್ರೆ ಈ ಲೇಖನದ ವಸ್ತು. ಹಿಂದಿನ ರಾಜರ ಯುದ್ಧಗಳನ್ನು ಇದರೊಳಗೆ ಸೇರಿಸುವುದು ಸರಿಯಲ್ಲ. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಇಂಗ್ಲಿಷರನ್ನು ಎದುರಿಸಿದ ಟಿಪ್ಪು, ತನ್ನ ಆಳ್ವಿಕೆಯನ್ನು ದೇವರು ಕೊಟ್ಟ ಸರ್ಕಾರ ಎಂದು ಕರೆದುಕೊಂಡಿದ್ದ. ಮರಾಠಾ ಪಡೆ ಸೂರೆಮಾಡಿದ ಶೃಂಗೇರಿ ಮಠಕ್ಕೆ ನೆರವನ್ನೂ ಕಳಿಸಿದ್ದ. ಅವನು ಕಾದಿದ್ದು ತನ್ನ ರಾಜ್ಯ ಉಳಿಸಿಕೊಳ್ಳಲು. ಇಲ್ಲಿ ಹೇಳುತ್ತಿರುವ ಸಂಘಟನೆಗಳದು ಬೇರೆಯೇ ಜಾಡು. 1928ರಲ್ಲಿ ಈಜಿಪ್ಟಿನಲ್ಲಿ ಹಸನ್ ಅಲ್‌ಬನ್ನಾ ಕಟ್ಟಿದ ಮುಸ್ಲಿಂ ಬ್ರದರ್‌ಹುಡ್, ಔರಂಗಾಬಾದಿನಲ್ಲಿ ಹುಟ್ಟಿದ ಮೌದೂದಿ 1941ರಲ್ಲಿ ಸ್ಥಾಪಿಸಿದ ಜಮಾಅತೆ ಇಸ್ಲಾಮಿ, 1966ರಲ್ಲಿ ಗಲ್ಲಿಗೇರಿದ ಸಯ್ಯಿದ್ ಕುತುಬ್‌ನ ಬರಹ: ಶರೀಯತ್ತಿನ ರಾಜ್ಯ ಎಂಬ ಕಲ್ಪನೆ ಬಲಿತದ್ದು ಇವುಗಳಲ್ಲಿ. ಆ ಕಲ್ಪನೆಗೆ ಸೋವಿಯತ್ ಸೇನೆಯ ವಿರುದ್ಧದ ಅಫ್ಘನ್ ಯುದ್ಧ ಬಂದೂಕು, ಹಣ, ಅಂತರರಾಷ್ಟ್ರೀಯ ಜಾಲ ಮೂರನ್ನೂ ಒದಗಿಸಿತು. ಆ ಯುದ್ಧದ ಕೊನೆಗೆ ಅಲ್‌ಖೈದಾ ಹುಟ್ಟಿತು.

ಈ ಸಂಘಟನೆಗಳನ್ನು ಅರ್ಥಮಾಡಿಕೊಳ್ಳಲು ಗುರಿಯನ್ನೂ ಪ್ರೇರಣೆಯನ್ನೂ ಬಿಡಿಸಿ ನೋಡಬೇಕು. ಗುರಿ ಮೊದಲೇ ನಿಶ್ಚಯವಾಗಿರುತ್ತದೆ, ಮತ್ತು ಅದು ರಾಜಕೀಯವಾದದ್ದು. ಪ್ರೇರಣೆ ಊರಿಂದ ಊರಿಗೆ ಬದಲಾಗುವ ನೋವು, ಸಿಟ್ಟು, ಅವಮಾನ. ಎರಡನ್ನೂ ಗಂಟುಹಾಕುವುದೇ ಸಂಘಟನೆಯ ಕಸುಬು. ಇದಕ್ಕೆ ಮಂಡ್ಯಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಹಿಜಾಬ್ ವಿವಾದದ ನಡುವೆ, 2022ರ ಫೆಬ್ರವರಿ 8ರಂದು, ಅಲ್ಲಿನ ಕಾಲೇಜೊಂದರ ಆವರಣದಲ್ಲಿ ಕೇಸರಿ ಶಾಲಿನ ಯುವಕರು ಘೋಷಣೆ ಕೂಗುತ್ತ ಬೆನ್ನುಹತ್ತಿದಾಗ ವಿದ್ಯಾರ್ಥಿನಿಯೊಬ್ಬಳು ‘ಅಲ್ಲಾಹು ಅಕ್ಬರ್’ ಎಂದು ತಿರುಗಿ ಕೂಗಿದಳು. ಏಪ್ರಿಲ್‌ನಲ್ಲಿ ಅಲ್‌ಖೈದಾ ಮುಖ್ಯಸ್ಥ ಐಮನ್ ಅಲ್‌ಜವಾಹಿರಿ ಅವಳನ್ನು ಹೊಗಳಿ ವಿಡಿಯೊ ಹೊರಡಿಸಿದ. ಅವಳಿಗೆ ಬೇಕಿದ್ದುದು ತರಗತಿಗೆ ಹೋಗುವ ಹಕ್ಕು. ಅವನಿಗೆ ಬೇಕಿದ್ದುದು ಪ್ರಜಾಪ್ರಭುತ್ವವೇ ಮೋಸ ಎಂಬುದಕ್ಕೊಂದು ಸಾಕ್ಷಿ. ಈತ ಯಾರೋ ನಮಗೆ ಗೊತ್ತಿಲ್ಲ, ನಾವಿಲ್ಲಿ ನೆಮ್ಮದಿಯಿಂದಿದ್ದೇವೆ ಎಂದು ಅವಳ ತಂದೆ ಆ ಹೊಗಳಿಕೆಯನ್ನು ತಳ್ಳಿಹಾಕಿದರು. ಗಂಟು ಬೀಳಲಿಲ್ಲ.

ಬಿದ್ದ ಕಡೆ ಏನಾಯಿತೆಂಬುದಕ್ಕೆ ದೀನ್‌ದಾರ್ ಅಂಜುಮನ್ ವಿಚಿತ್ರವಾದ, ತೀರಾ ಕನ್ನಡನಾಡಿನದೇ ಆದ ಉದಾಹರಣೆ. ಇದರ ಸ್ಥಾಪಕ ಸಿದ್ದೀಕ್ 1924ರ ಹೊತ್ತಿಗೆ ತಾನೇ ಚನ್ನಬಸವೇಶ್ವರನ ಅವತಾರವೆಂದು ಸಾರಿಕೊಂಡ. ಲಿಂಗಾಯತರಲ್ಲಿ ಬಳಕೆಯಲ್ಲಿದ್ದ ಕಾಲಜ್ಞಾನದ ವಚನಗಳನ್ನೇ ಅದಕ್ಕೆ ಆಧಾರ ಮಾಡಿಕೊಂಡ. ಹಿಂದೂಸ್ತಾನವೆಲ್ಲ ಇಸ್ಲಾಮಿಗೆ ಒಲಿಯುತ್ತದೆಂಬುದು ಆ ಪಂಥದ ಭವಿಷ್ಯವಾಣಿ. 2000ದಲ್ಲಿ ವಾಡಿ, ಹುಬ್ಬಳ್ಳಿ, ಬೆಂಗಳೂರಿನ ಚರ್ಚುಗಳಲ್ಲಿ ಬಾಂಬ್ ಸಿಡಿದಾಗ ಮೊದಲಿಗೆ ಹಲವರ ಅನುಮಾನ ಹಿಂದೂ ಸಂಘಟನೆಗಳ ಮೇಲೆ ಹೋಯಿತು. ಜುಲೈ 9ರಂದು ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ವ್ಯಾನೊಂದು ತಾನೇ ಹೊತ್ತೊಯ್ಯುತ್ತಿದ್ದ ಸ್ಫೋಟಕದಿಂದ ಸಿಡಿದ ಮೇಲೆ ಅಂಜುಮನ್‌ನ ಜಾಲ ಬಯಲಾಯಿತು. 2008ರಲ್ಲಿ ವಿಶೇಷ ನ್ಯಾಯಾಲಯ 23 ಮಂದಿಗೆ ಶಿಕ್ಷೆ ವಿಧಿಸಿತು.

ಭಾರತದಲ್ಲಿ ನಡೆದ ಇಂಥ ದಾಳಿಗಳು ಬಾಬರಿ ಮಸೀದಿಯ ಧ್ವಂಸಕ್ಕೆ, ಗುಜರಾತ್ ಗಲಭೆಗಳಿಗೆ ಬಂದ ಪ್ರತಿಕ್ರಿಯೆ ಎಂಬ ವಾದವಿದೆ. ಭಟ್ಕಳ ಮೂಲದವರು ಮುಂಚೂಣಿಯಲ್ಲಿದ್ದ ಇಂಡಿಯನ್ ಮುಜಾಹಿದೀನ್ ತನ್ನ ಇ-ಮೇಲ್‌ಗಳಲ್ಲಿ ಈ ಎರಡನ್ನೂ ಹೆಸರಿಸಿದ್ದು ನಿಜ. ಆ ಗಾಯಗಳಿಲ್ಲದಿದ್ದರೆ ಅದಕ್ಕೆ ಹುಡುಗರು ಸಿಗುವುದು ಕಷ್ಟವಿತ್ತೆಂದು ಒಪ್ಪಬೇಕು. ಆದರೆ ಮಸೀದಿ ಕೆಡವಿದವರಲ್ಲಿ ಕ್ರೈಸ್ತರಿರಲಿಲ್ಲ, ಆದರೂ ಬಾಂಬ್ ಬಿದ್ದದ್ದು ಚರ್ಚಿಗೆ. 2014ರ ಡಿಸೆಂಬರ್ 16ರಂದು ಪೆಶಾವರದ ಶಾಲೆಯಲ್ಲಿ ಪಾಕಿಸ್ತಾನಿ ತಾಲಿಬಾನ್ ಕೊಂದ 130ಕ್ಕೂ ಹೆಚ್ಚು ಮಕ್ಕಳು ಮುಸ್ಲಿಮರ ಮಕ್ಕಳೇ. ಬಡತನ ಕಾರಣವೆಂಬ ಮಾತು ಇನ್ನೂ ದುರ್ಬಲ: 2007ರ ಜೂನ್ 30ರಂದು ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪ್ ನುಗ್ಗಿಸಿದ ಕಫೀಲ್ ಅಹ್ಮದ್ ಬೆಂಗಳೂರಿನ ಎಂಜಿನಿಯರ್. ಇನ್ನು ಧರ್ಮವೇ ಕಾರಣ ಎನ್ನುವವರು 2011ರ ಜನಗಣತಿ ತೆರೆದು ನೋಡಲಿ. ಕರ್ನಾಟಕದಲ್ಲಿ ಆಗ ಮುಸ್ಲಿಮರು ಸುಮಾರು 79 ಲಕ್ಷ, ನೂರಕ್ಕೆ ಹದಿಮೂರರಷ್ಟು. ಅದೇ ಕುರಾನ್ ಓದುವ ಇಷ್ಟು ಜನರಲ್ಲಿ ಬಾಂಬ್ ಕಟ್ಟಿದವರು ಬೆರಳೆಣಿಕೆಯಷ್ಟಿದ್ದರೆ, ಗ್ರಂಥವೊಂದೇ ಅದಕ್ಕೆ ವಿವರಣೆಯಾಗಲಾರದು. ಗ್ರಂಥದಿಂದ ಯಾವ ಸಾಲನ್ನು ಆರಿಸಬೇಕು, ಯಾರ ನೋವನ್ನು ಎತ್ತಿ ತೋರಿಸಬೇಕು ಎಂದು ತೀರ್ಮಾನಿಸುವ ಸಣ್ಣ ಗುಂಪೇ ಇಲ್ಲಿ ನಿರ್ಣಾಯಕ.

ಸೋಲೂ ಈ ಗುರಿಯನ್ನು ಅಳಿಸುವುದಿಲ್ಲ. 2014ರಲ್ಲಿ ಖಿಲಾಫತ್ ಘೋಷಿಸಿದ ಇಸ್ಲಾಮಿಕ್ ಸ್ಟೇಟ್ (ಐಎಸ್), 2019ರ ಮಾರ್ಚ್‌ನಲ್ಲಿ ಸಿರಿಯಾದ ಬಾಗೂಜ್‌ನಲ್ಲಿ ತನ್ನ ಕೊನೆಯ ತುಂಡು ನೆಲವನ್ನೂ ಕಳೆದುಕೊಂಡಿತು. ಆದರೂ 2022ರ ನವೆಂಬರ್ 19ರಂದು ಮಂಗಳೂರಿನ ಆಟೊದಲ್ಲಿ ಕುಕ್ಕರ್ ಬಾಂಬ್ ಸಿಡಿದ ಪ್ರಕರಣದಲ್ಲಿ ರಾಷ್ಟ್ರೀಯ ತನಿಖಾ ದಳದ (ಎನ್‌ಐಎ) ತನಿಖೆ ಬೊಟ್ಟುಮಾಡಿದ್ದು ಅದೇ ಐಎಸ್‌ನ ಕಡೆಗೆ.