ಮೂರು ಹಿಡಿ ಮಣ್ಣು: ಕುಖ್ಯಾತರ ಸಮಾಧಿಗೆ ನೆಲವೆಲ್ಲಿ?

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಸ್ಮಶಾನದ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ಮನುಷ್ಯನ ಬಾಳನ್ನು ಕುರಿತು ಹೇಳುವ ಇತಿಹಾಸವು ಅವನ ಸಾವನ್ನು ಬಿಟ್ಟು ಪೂರ್ಣವಾಗುವುದಿಲ್ಲ. ಈ ವಿಷಯವನ್ನು ನಾವು ಆರಿಸಿಕೊಂಡುದಕ್ಕೆ ಇನ್ನೊಂದು ಕಾರಣವೂ ಇದೆ. ಇಪ್ಪತ್ತು ವರ್ಷಗಳ ಹಿಂದೆ ತರಗತಿಯಲ್ಲಿ ನಾವು ಕೊಟ್ಟ ಒಂದು ಉತ್ತರ ತಪ್ಪಾಗಿತ್ತು. ಅದನ್ನು ತಿದ್ದುವ ಸಾಲ ನಮ್ಮ ಮೇಲೆ ಉಳಿದಿದೆ.

ಅದು 2004ನೆಯ ಇಸವಿ. ದಸರೆಯ ರಜೆ ಮುಗಿದು ಶಾಲೆ ತೆರೆದಿತ್ತು. ಅಕ್ಟೋಬರ್ 18ರ ರಾತ್ರಿ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ಕೆ. ವಿಜಯಕುಮಾರರ ನೇತೃತ್ವದ ವಿಶೇಷ ಕಾರ್ಯಪಡೆಯ ಗುಂಡಿಗೆ ವೀರಪ್ಪನ್ ಬಲಿಯಾಗಿದ್ದ ಸುದ್ದಿ ಮಕ್ಕಳ ಬಾಯಲ್ಲಿಯೂ ಇತ್ತು. ಡಾ. ರಾಜಕುಮಾರರನ್ನು 108 ದಿನ ಕಾಡಿನಲ್ಲಿ ಒತ್ತೆಯಾಗಿಟ್ಟವನೆಂದರೆ ಗಡಿಯಾಚೆಯ ಕನ್ನಡಿಗರಾದ ನಮಗೂ ಅವನು ಪರಕೀಯನಾಗಿರಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಅವನನ್ನು ಎಲ್ಲಿ ಹೂಳಿದರು? ಊರವರು ಜಾಗ ಕೊಟ್ಟರೇ?” ಎಂದು ಕೇಳಿದ. “ಅಂಥವನಿಗೆ ಜಾಗವೇಕಪ್ಪಾ? ಕಾಡಿನಲ್ಲಿಯೇ ಬಿಸಾಡಬೇಕಿತ್ತು” ಎಂದೆವು ನಾವು. ತರಗತಿ ನಕ್ಕಿತು. ಹುಡುಗ ನಗಲಿಲ್ಲ, ಸುಮ್ಮನೆ ಕುಳಿತುಕೊಂಡ.

ಅವನು ಕೇಳಿದ್ದು ನಿಜವಾಗಿಯೂ ಇತಿಹಾಸದ ಪ್ರಶ್ನೆ. ವೀರಪ್ಪನ್ ಹುಟ್ಟಿದ್ದು ಕರ್ನಾಟಕದ ಗೋಪಿನಾಥಂನಲ್ಲಿ. ಅವನ ದೇಹ ಮಣ್ಣು ಸೇರಿದ್ದು ರಾಜ್ಯದ ಗಡಿಯಾಚೆ, ಮೆಟ್ಟೂರಿನ ಸಮೀಪದ ಮೂಲಕಾಡಿನಲ್ಲಿ. ಅವನ ಕುಟುಂಬದ ನಂಟು ಅಲ್ಲಿ ಹೆಚ್ಚಾಗಿತ್ತು. ಪೊಲೀಸರು ಮೊದಲು ಶವವನ್ನು ದಹಿಸುವ ಯೋಚನೆಯಲ್ಲಿದ್ದರು. ಬಂಧುಗಳ ವಿರೋಧದಿಂದ ಹೂಳಲು ಒಪ್ಪಿದರು. ಸಾವಿರಾರು ಜನ ನೆರೆದರು. ಇನ್ನೆಷ್ಟೋ ಜನರನ್ನು ಕಾವಲಿನವರು ದೂರವೇ ತಡೆದರು. ದಹನವೋ ದಫನವೋ ಎಂಬ ಆ ಚರ್ಚೆಯ ಹಿಂದೆ ಆಡಳಿತಗಳಿಗೆ ಸಹಜವಾದ ಒಂದು ಭಯವನ್ನು ನಾವು ಕಾಣುತ್ತೇವೆ. ಬೂದಿ ನೀರಿನಲ್ಲಿ ಕರಗಿ ಹೋಗುತ್ತದೆ. ಸಮಾಧಿ ಉಳಿಯುತ್ತದೆ, ಉಳಿದುದಕ್ಕೆ ಹೂವು ಏರಬಹುದು, ಕಲ್ಲೂ ಬೀಳಬಹುದು.

ಅದೇ ಗೋಪಿನಾಥಂನಲ್ಲಿ ಇನ್ನೊಬ್ಬರ ನೆನಪು ಇಂದಿಗೂ ಹಸಿರಾಗಿದೆ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ನಮ್ಮ ನೆರೆಯ ಆಂಧ್ರದ ರಾಜಮಹೇಂದ್ರಿಯವರು, ತೆಲುಗರು. ಆ ಹಳ್ಳಿಯ ಜನರಿಗೆ ಮನೆ, ಔಷಧಾಲಯ, ಮಾರಿಯಮ್ಮನ ಗುಡಿ ಎಂದು ದುಡಿದು, ಕಳ್ಳದಂಧೆಯಿಂದ ಅವರನ್ನು ಬಿಡಿಸಲು ಯತ್ನಿಸಿದವರು. ವೀರಪ್ಪನ್ ಶರಣಾಗುವನೆಂಬ ಮಾತನ್ನು ನಂಬಿ, ಆಯುಧವಿಲ್ಲದೆ ಹೋದ ಅವರನ್ನು 1991ರ ನವೆಂಬರ್ 10ರಂದು ಕೊಂದು ಶಿರಚ್ಛೇದ ಮಾಡಲಾಯಿತು. ಸರ್ಕಾರ ಅವರಿಗೆ ಮರಣೋತ್ತರ ಕೀರ್ತಿಚಕ್ರ ನೀಡಿತು. ಊರವರು ಅವರ ಭಾವಚಿತ್ರವನ್ನು ಮಾರಿಯಮ್ಮನ ಗುಡಿಯಲ್ಲಿಟ್ಟು ಕೈಮುಗಿಯುತ್ತಾರೆ. ಹುಟ್ಟಿದ ಮಗ ಹೊರಗಿನ ಮಣ್ಣು ಸೇರಿದ. ಹೊರಗಿನಿಂದ ಬಂದವರು ಊರಿನ ಗುಡಿ ಸೇರಿದರು. ಗೌರವವನ್ನು ಯಾರಿಗೆ ಕೊಡಬೇಕೆಂಬುದು ಆ ಸಣ್ಣ ಊರಿಗೆ ಯಾವ ಸರ್ಕಾರಿ ಆಜ್ಞೆಯೂ ಇಲ್ಲದೆ ತಿಳಿದಿತ್ತು. ಅದಕ್ಕಾಗಿ ಸತ್ತ ಅಪರಾಧಿಯ ಶವವನ್ನು ಬೀದಿಯಲ್ಲಿ ಕೊಳೆಯಿಸುವ ಅಗತ್ಯ ಬೀಳಲಿಲ್ಲ.

ಶವವನ್ನೇ ಶಿಕ್ಷಿಸುವ ಪದ್ಧತಿ ಹೊಸತೇನಲ್ಲ. ಇಂಗ್ಲೆಂಡಿನಲ್ಲಿ 1752ರಲ್ಲಿ ಜಾರಿಗೆ ಬಂದ ಒಂದು ಕಾನೂನು, ಕೊಲೆಗಾರನ ದೇಹವನ್ನು ಹೂಳಲೇ ಕೂಡದು, ಒಂದೋ ವೈದ್ಯರ ಛೇದನಕ್ಕೆ ಕೊಡಬೇಕು, ಇಲ್ಲವೇ ಸರಪಳಿಯಲ್ಲಿ ತೂಗುಹಾಕಬೇಕು ಎಂದು ವಿಧಿಸಿತ್ತು. ಈ ಮನೋಧರ್ಮದ ಬಿಸಿ ನಮ್ಮ ಸೀಮೆಗೂ ತಟ್ಟಿದೆ. 1857ರ ಜುಲೈ 17ರಂದು ಹೈದರಾಬಾದಿನ ಕೋಠಿಯಲ್ಲಿದ್ದ ಬ್ರಿಟಿಷ್ ರೆಸಿಡೆನ್ಸಿಯ ಮೇಲೆ ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ರೋಹಿಲ್ಲಾ ಯೋಧರೊಡನೆ ದಾಳಿ ಮಾಡಿದರು. ದಾಳಿ ವಿಫಲವಾಯಿತು. ಮೌಲ್ವಿಯವರು ಅಂಡಮಾನಿಗೆ ಹೋದರು. ತುರ್ರೇಬಾಜ್ ಖಾನ್ ಸೆರೆಯಿಂದ ತಪ್ಪಿಸಿಕೊಂಡನು. 1859ರ ಜನವರಿಯಲ್ಲಿ ಮೆದಕ್ ಸೀಮೆಯ ತೂಪ್ರಾನಿನ ಬಳಿ ಅವನನ್ನು ಕೊಲ್ಲಲಾಯಿತು. ಅವನ ದೇಹವನ್ನು ಹೈದರಾಬಾದಿಗೆ ತಂದು ಜನರೆದುರು ಸರಪಳಿಯಲ್ಲಿ ತೂಗುಹಾಕಿದರು. ಅಂದಿನ ದಫ್ತರಗಳಲ್ಲಿ ಅವನು ಬಂಡುಕೋರ, ಅಪರಾಧಿ. ಇಂದು ಅದೇ ಕೋಠಿಯಲ್ಲಿ ಅವನ ಹೆಸರಿನ ರಸ್ತೆಯಿದೆ, ಸ್ಮಾರಕವಿದೆ. ತೀರ್ಪು ಬದಲಾಯಿತು, ನಿಜ. ಆದರೆ ಅಂದು ಆ ದೇಹಕ್ಕಾದ ಅವಮಾನವನ್ನು ಯಾವ ಸ್ಮಾರಕವೂ ಹಿಂದಕ್ಕೆ ಪಡೆಯಲಾರದು.

ಇದಕ್ಕೆ ಎದುರಾಗಿ ನಮ್ಮ ಸಂಗೊಳ್ಳಿ ರಾಯಣ್ಣನನ್ನು ನೆನೆಯಿರಿ. ಕಂಪನಿ ಸರ್ಕಾರದ ಕಣ್ಣಿಗೆ ಅವನೂ ಅಪರಾಧಿಯೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನಿಗೆ ಗಲ್ಲಾಯಿತು. ಆದರೆ ಅವನ ದೇಹ ಅಲ್ಲಿಯೇ ಮಣ್ಣು ಸೇರಿತು. ಸಮಾಧಿಯ ಬಳಿಯ ಆಲದ ಮರ ಇಂದು ನಾಡಿನ ಯಾತ್ರಾಸ್ಥಳ. ನಮ್ಮ ಕಾಲದ ತೀರ್ಪೇ ಕೊನೆಯ ತೀರ್ಪೆಂದು ನಂಬುವವರು ಈ ಎರಡು ದೃಷ್ಟಾಂತಗಳನ್ನು ಮರೆಯಬಾರದು. ಹಾಗೆಂದು ಕೊಲೆಗಡುಕನನ್ನೂ ಸ್ವಾತಂತ್ರ್ಯವೀರನನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ತೂಗುವ ಕೈ ಮನುಷ್ಯರದು, ತಪ್ಪಬಹುದು ಎಂದಷ್ಟೇ ಹೇಳುತ್ತೇವೆ.

ಹಾಗಾದರೆ ತೀರ್ಪಿನಲ್ಲಿ ಸಂಶಯವೇ ಇಲ್ಲದಿದ್ದಾಗ ಏನು ಮಾಡಬೇಕು? 2008ರ ನವೆಂಬರ್ 26ರಂದು ಮುಂಬಯಿಯ ಮೇಲೆ ನಡೆದ ದಾಳಿಯಲ್ಲಿ ಹತರಾದ ಒಂಬತ್ತು ಮಂದಿ ಉಗ್ರರ ಶವಗಳು ಈ ಪ್ರಶ್ನೆಯನ್ನು ಮುಂದಿಟ್ಟವು. ಅಲ್ಲಿನ ಬಡಾ ಕಬರಸ್ತಾನವನ್ನು ನೋಡಿಕೊಳ್ಳುವ ಜಾಮಾ ಮಸೀದಿ ಟ್ರಸ್ಟಿನವರು, ನಿರಪರಾಧಿಗಳನ್ನು ಕೊಂದವರಿಗೆ ನಮ್ಮಲ್ಲಿ ಸ್ಥಳವಿಲ್ಲವೆಂದು ನಿರಾಕರಿಸಿದರು. ಆ ನಿರಾಕರಣೆಯಲ್ಲಿ ದೇಶದ ಮುಸಲ್ಮಾನರ ನೋವೂ ರೋಷವೂ ಇದ್ದವು. ಅದನ್ನು ನಾವು ಗೌರವಿಸುತ್ತೇವೆ. ಪಾಕಿಸ್ತಾನ ಶವಗಳನ್ನು ಒಯ್ಯಲಿಲ್ಲ. ವರ್ಷಕ್ಕೂ ಮಿಕ್ಕಿ ಅವು ಜೆ.ಜೆ. ಆಸ್ಪತ್ರೆಯ ಶವಾಗಾರದಲ್ಲಿ ಉಳಿದವು. 2010ರ ಜನವರಿಯಲ್ಲಿ ಅವುಗಳನ್ನು ಗುಟ್ಟಾಗಿ ಹೂಳಲಾಯಿತು. ಮಹಾರಾಷ್ಟ್ರದ ಗೃಹಮಂತ್ರಿ ಆರ್.ಆರ್. ಪಾಟೀಲರು ಅದನ್ನು ಏಪ್ರಿಲ್‌ನಲ್ಲಿ ಬಹಿರಂಗಪಡಿಸಿದರು. ಸ್ಥಳವನ್ನು ಮಾತ್ರ ಹೇಳಲಿಲ್ಲ. ಸೆರೆಸಿಕ್ಕ ಹತ್ತನೆಯವನಾದ ಅಜ್ಮಲ್ ಕಸಬನಿಗೆ 2012ರ ನವೆಂಬರ್ 21ರಂದು ಪುಣೆಯ ಯರವಡಾ ಜೈಲಿನಲ್ಲಿ ಗಲ್ಲಾಗಿ, ಜೈಲಿನ ಆವರಣದೊಳಗೇ ಹೂಳಿದರು. ಗುರುತಿಲ್ಲ, ಹೂವಿಲ್ಲ, ಕಲ್ಲೆಸೆತವೂ ಇಲ್ಲ. ಮಣ್ಣು ದೊರೆಯಿತು, ಮೆರವಣಿಗೆ ದೊರೆಯಲಿಲ್ಲ.

ಬೇರೆ ದೇಶಗಳೂ ಈ ಇಕ್ಕಟ್ಟಿನಿಂದ ಪಾರಾಗಿಲ್ಲ. ಹಿಟ್ಲರನ ಬಲಗೈಯಾಗಿದ್ದ ರುಡಾಲ್ಫ್ ಹೆಸ್‌ನ ಸಮಾಧಿ ಜರ್ಮನಿಯ ವುನ್‌ಜೀಡಲ್ ಎಂಬ ಸಣ್ಣ ಊರಿನಲ್ಲಿತ್ತು. ನವನಾಜಿಗಳು ವರ್ಷವರ್ಷವೂ ಅಲ್ಲಿ ಸೇರತೊಡಗಿದರು. ಊರವರು ಬೇಸತ್ತರು. ಚರ್ಚಿನವರು ನೆಲದ ಗುತ್ತಿಗೆಯನ್ನು ಮುಂದುವರಿಸಲಿಲ್ಲ. 2011ರಲ್ಲಿ ಅಸ್ಥಿಗಳನ್ನು ಹೊರತೆಗೆದು, ಸುಟ್ಟು, ಬೂದಿಯನ್ನು ಸಮುದ್ರಕ್ಕೆ ಚೆಲ್ಲಲಾಯಿತು. ಅಮೆರಿಕದ ಬೋಸ್ಟನ್ ನಗರದಲ್ಲಿ 2013ರ ಏಪ್ರಿಲ್ 15ರ ಓಟದ ಸ್ಪರ್ಧೆಯ ಹೊತ್ತಿಗೆ ಬಾಂಬಿಟ್ಟು ಮೂವರನ್ನು ಕೊಂದ ತಮರ್ಲಾನ್ ಸಾರ್ನಾಯೆವ್‌ನ ಶವಕ್ಕೆ ಸುತ್ತಲಿನ ಯಾವ ಊರೂ ಜಾಗ ಕೊಡಲಿಲ್ಲ. ವೂಸ್ಟರ್ ನಗರದಲ್ಲಿ ಶವವನ್ನು ಇರಿಸಿಕೊಂಡಿದ್ದ ಪೀಟರ್ ಸ್ಟೀಫನ್ ಎಂಬವರ ಬಾಗಿಲೆದುರು ಪ್ರತಿಭಟನೆ ನಡೆಯಿತು. ಸತ್ತವರನ್ನು ಹೂಳುವುದು ತಮ್ಮ ವೃತ್ತಿಯ ಧರ್ಮವೆಂದು ಅವರು ಕದಲಲಿಲ್ಲ. ಕೊನೆಗೆ ದೂರದ ವರ್ಜೀನಿಯಾದ ಮಾರ್ಥಾ ಮಲ್ಲೆನ್ ಎಂಬ ಕ್ರೈಸ್ತ ಮಹಿಳೆ ಅಲ್ಲಿನ ಮುಸ್ಲಿಮರೊಡನೆ ಮಾತಾಡಿ ಒಂದು ಕಬರಸ್ತಾನದಲ್ಲಿ ಸ್ಥಳ ದೊರಕಿಸಿದರು. ಮೇ 9ರಂದು ಅವನನ್ನು ಹೂಳಲಾಯಿತು. ಆಕೆಗೆ ಅವನ ಮೇಲೆ ಯಾವ ಅಭಿಮಾನವೂ ಇರಲಿಲ್ಲ. ಹೂಳದ ಶವವೊಂದು ಬಿದ್ದಿರುವುದು ತನ್ನ ನೆರೆಹೊರೆಗೆ ಭೂಷಣವಲ್ಲ ಎಂದಷ್ಟೇ ಆಕೆಗೆ ತೋರಿರಬೇಕು.

ಈಗ ನಮ್ಮ ನೆರೆಗೆ ಬರೋಣ. ತಾಂಡೂರಿನಿಂದ ಕೊಡಂಗಲ್ ದಾಟಿದರೆ ನಾರಾಯಣಪೇಟೆ ಜಿಲ್ಲೆ. ಅಲ್ಲಿಯೂ ಕನ್ನಡದ ಮನೆಗಳಿವೆ. 2019ರ ನವೆಂಬರ್‌ನಲ್ಲಿ ಹೈದರಾಬಾದಿನ ಹೊರವಲಯದಲ್ಲಿ ಯುವ ಪಶುವೈದ್ಯೆಯೊಬ್ಬಳ ಮೇಲೆ ನಡೆದ ಘೋರ ಕೃತ್ಯ ಎಲ್ಲರ ನೆನಪಿನಲ್ಲಿದೆ. ಹೆಣ್ಣುಮಕ್ಕಳ ತಂದೆಯಾದ ನಮಗೆ ಆ ದಿನಗಳಲ್ಲಿ ನಿದ್ದೆ ಬರಲಿಲ್ಲ. ಆರೋಪಿಗಳು ನಾಲ್ವರೂ ನಾರಾಯಣಪೇಟೆ ಜಿಲ್ಲೆಯ ಹಳ್ಳಿಗಳವರು. ಡಿಸೆಂಬರ್ 6ರ ನಸುಕಿನಲ್ಲಿ ಅವರು ಪೊಲೀಸರ ಗುಂಡಿಗೆ ಸತ್ತರು. ಜನ ಪೊಲೀಸರ ಮೇಲೆ ಹೂ ಚೆಲ್ಲಿದರು. ನಾವೂ ಮನಸ್ಸಿನಲ್ಲಿ ಚೆಲ್ಲಿದವರೇ. ಶವಗಳು ಮಾತ್ರ ಆಸ್ಪತ್ರೆಯಲ್ಲಿ 17 ದಿನ ಉಳಿದವು. ಉಚ್ಚ ನ್ಯಾಯಾಲಯದ ಆದೇಶದಂತೆ ದೆಹಲಿಯ ವೈದ್ಯರು ಡಿಸೆಂಬರ್ 23ರಂದು ಎರಡನೆಯ ಮರಣೋತ್ತರ ಪರೀಕ್ಷೆ ನಡೆಸಿದ ಬಳಿಕವೇ ಅವು ಮನೆಯವರ ಕೈಸೇರಿದವು. ಅವರು ಅಪರಾಧಿಗಳೆಂದು ಯಾವ ನ್ಯಾಯಾಲಯವೂ ಹೇಳಿರಲಿಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್‌ಪುರ್‌ಕರ್ ಆಯೋಗವು, ಪೊಲೀಸರು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದರೆಂದು ವರದಿ ಮಾಡಿತು. 2022ರಲ್ಲಿ ಅದು ಬಹಿರಂಗವಾಯಿತು. ಆ ವಾರ್ತೆಯನ್ನು ಓದಿದ ದಿನವೇ ಹಿಂದಿನ ಬೆಂಚಿನ ಹುಡುಗನ ಮುಖ ನಮ್ಮ ಕಣ್ಣಮುಂದೆ ನಿಂತಿತು. ಆ ಹದಿನೇಳು ದಿನ ಆ ಹಳ್ಳಿಗಳಲ್ಲಿ ತಾಯಂದಿರು ಕಾದಿರಬೇಕಲ್ಲವೇ? ಮಗ ಏನು ಮಾಡಿದ್ದರೂ ತಾಯಿ ಏನು ಮಾಡಿದ್ದಳು?

ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯಲ್ಲಿ ಶವಸಂಸ್ಕಾರಕ್ಕೆ ಹೋಗುವುದನ್ನು ‘ಮಣ್ಣಿಗೆ ಹೋಗುವುದು’ ಎನ್ನುತ್ತೇವೆ. ಲಿಂಗಾಯತರ ರುದ್ರಭೂಮಿಯಲ್ಲಿಯೂ ಮುಸಲ್ಮಾನರ ಕಬರಸ್ತಾನದಲ್ಲಿಯೂ ಬಂದವರು ಹಿಡಿ ಮಣ್ಣು ಹಾಕಿಯೇ ಹಿಂದಿರುಗುತ್ತಾರೆ. ಜಗಳವಾಡಿ ವರ್ಷಗಟ್ಟಲೆ ಮಾತು ಬಿಟ್ಟವರೂ ಮಣ್ಣಿಗೆ ಮಾತ್ರ ಬರುವುದನ್ನು ನಾವು ಕಂಡಿದ್ದೇವೆ. ಆ ಹಿಡಿ ಮಣ್ಣು ಸತ್ತವನಿಗೆ ಕೊಟ್ಟ ಪ್ರಶಸ್ತಿಪತ್ರವಲ್ಲ. ರಾವಣ ಬಿದ್ದ ಮೇಲೆ, ಅಣ್ಣನ ಸಂಸ್ಕಾರ ಮಾಡಲು ಹಿಂಜರಿದ ವಿಭೀಷಣನಿಗೆ ಶ್ರೀರಾಮನು ಹಗೆತನ ಸಾವಿಗೇ ಮುಗಿಯಿತೆಂದು ತಿಳಿಹೇಳಿದ. ಹಾಗೆ ಹೇಳಿದ ಮಾತ್ರಕ್ಕೆ ರಾವಣ ಮಾಡಿದ್ದು ಸರಿಯೆಂದು ಯಾರೂ ತಿಳಿಯಲಿಲ್ಲ. ಬಿಜಾಪುರದ ಸೇನಾನಿ ಅಫ್ಜಲ್ ಖಾನನ ಸಮಾಧಿ, ಅವನನ್ನು ಕೊಂದ ಶಿವಾಜಿಯ ಪ್ರತಾಪಗಡದ ಬುಡದಲ್ಲಿಯೇ ಇದೆ. ಅದರಿಂದ ಶಿವಾಜಿಯ ಕೀರ್ತಿ ಕುಗ್ಗಲಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಮಣ್ಣು ಕೊಡುವುದು ಬೇರೆ, ಗೌರವ ಕೊಡುವುದು ಬೇರೆ. ಈ ಎರಡನ್ನೂ ಬೆರೆಸಿದಾಗಲೇ ತೊಡಕು ಹುಟ್ಟುತ್ತದೆ. ಮಣ್ಣು ಕೊಟ್ಟರೆ ಗೌರವ ಕೊಟ್ಟಂತಾಗುತ್ತದೆಂದು ಹೆದರುವವರು ಶವವನ್ನು ತಡೆಯುತ್ತಾರೆ. ಮಣ್ಣಿಗೆ ಹೋದವನು ವೀರನೇ ಇರಬೇಕೆಂದು ಭ್ರಮಿಸುವವರು ಗೋರಿಗೆ ದೀಪಾಲಂಕಾರ ಮಾಡುತ್ತಾರೆ. ಎರಡೂ ತಪ್ಪು. ಗುರುತಿಲ್ಲದ ನೆಲ, ಮನೆಯವರ ನಾಲ್ಕು ಹನಿ ಕಣ್ಣೀರು, ಅಷ್ಟು ಸಾಕು. ಗೌರವವೆಲ್ಲವೂ ಶ್ರೀನಿವಾಸರಂಥವರಿಗೆ ಮೀಸಲಾಗಿರಲಿ.

ಆ ಹುಡುಗ ಈಗ ಎಲ್ಲಿದ್ದಾನೋ, ಮಕ್ಕಳ ತಂದೆಯಾಗಿರಬಹುದು. ಈ ಸಂಚಿಕೆ ಅವನ ಕೈಗೆ ಬಂದರೆ ತನ್ನ ಹೆಡ್‌ಮಾಸ್ತರರ ಉತ್ತರವನ್ನು ಹೀಗೆ ತಿದ್ದಿಕೊಳ್ಳಲಿ: ಹೌದಪ್ಪಾ, ಜಾಗ ಕೊಟ್ಟರು, ಕೊಟ್ಟದ್ದು ಒಳ್ಳೆಯದಾಯಿತು.