ದೂರು ಹೋದ ದಾರಿ

ಚಿತ್ತವಾಡ್ಗಿಯಿಂದ ಹಂಪೆಗೆ ಹೋದಾಗಲೆಲ್ಲ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನು ಹದಿನಾರನೆಯ ಶತಮಾನದಲ್ಲಿ ಬರೆದಿಟ್ಟ ಒಂದು ಸಂಗತಿ ನನ್ನ ನೆನಪಿಗೆ ಬರುತ್ತದೆ. ಅನ್ಯಾಯಕ್ಕೊಳಗಾದವನು ಅರಸನಿಗೆ ಮೊರೆಯಿಡಬೇಕಾದರೆ ನೆಲದ ಮೇಲೆ ಬೋರಲು ಮಲಗುತ್ತಿದ್ದನಂತೆ. ಅರಸನು ಸವಾರಿ ಹೊರಟಿದ್ದರೆ ಈಟಿಯ ಕೋಲಿಗೆ ಮರದ ಕೊಂಬೆಯನ್ನು ಕಟ್ಟಿಕೊಂಡು ಕೂಗುತ್ತ ಬರುತ್ತಿದ್ದನಂತೆ. ಜನರು ದಾರಿ ಬಿಡುತ್ತಿದ್ದರು. ಭೂಮಿಯನ್ನು ಹಿಡಿದವರ ದಬ್ಬಾಳಿಕೆಯಿಂದ ಸಾಮಾನ್ಯರು ಬಹಳ ಬವಣೆಪಡುತ್ತಿದ್ದರೆಂದೂ ಅವನೇ ಹೇಳಿದ್ದಾನೆ. ಕೊಂಬೆ ಹಿಡಿದು ಬಂದವನು ಮರಳಿ ಹೋಗಬೇಕಾದುದು ಆ ಒಡೆಯನ ಊರಿಗೇ ಅಲ್ಲವೆ? ಅಲ್ಲಿ ಅವನ ಗತಿಯೇನಾಯಿತು?

ಇಂಥ ಪ್ರಶ್ನೆಗೆ ಸರ್ಕಾರದ ಕಾಗದದಲ್ಲಿ ಉತ್ತರ ದೊರೆಯುವುದಕ್ಕೆ ಮುನ್ನೂರು ವರ್ಷಗಳು ಕಳೆಯಬೇಕಾಯಿತು. 1800ರಲ್ಲಿ ಬಳ್ಳಾರಿ ಸೀಮೆಯು ನಿಜಾಮನಿಂದ ಕಂಪನಿಯ ಕೈಸೇರಿತು. ನಮ್ಮ ಹೊಸಪೇಟೆ 1953ರವರೆಗೂ ಮದರಾಸಿನ ಆಡಳಿತದಲ್ಲಿತ್ತು. 1816ರ ಕಾನೂನು ಕಂದಾಯ ವಸೂಲು ಮಾಡುವ ತಹಶೀಲ್ದಾರನ ಕೈಗೆ ಪೋಲೀಸನ್ನೂ ಒಪ್ಪಿಸಿತು. ಬಾಕಿ ಕೇಳುವವನೂ ಅವನೇ, ಹಿಡಿತರಿಸುವವನೂ ಅವನೇ.

ಪಾರ್ಲಿಮೆಂಟಿನಲ್ಲಿ ಮಾತೆದ್ದ ಮೇಲೆ ಮದರಾಸು ಸರ್ಕಾರ ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರನ್ನು ವಿಚಾರಣೆಗೆ ನೇಮಿಸಿತು. ಅವರ ವರದಿ 1855ರಲ್ಲಿ ಸಿದ್ಧವಾಯಿತು. ಅವರ ಮುಂದೆ ಬಂದ ದೂರುಗಳು 1,900ಕ್ಕೂ ಮಿಕ್ಕು. ಕಂದಾಯಕ್ಕಾಗಿ ರೈತರನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದು, ಬೆರಳುಗಳನ್ನು ಮರದ ಕಿಟ್ಟಿಯಲ್ಲಿಟ್ಟು ಅದುಮಿದ್ದು, ಕತ್ತನ್ನು ಬಗ್ಗಿಸಿ ಕಾಲಿಗೆ ಬಿಗಿದದ್ದು ಎಲ್ಲವೂ ಅದರಲ್ಲಿ ಉಂಟು. ಆದರೆ ಹಿಂಸೆಗಿಂತಲೂ ತಮ್ಮನ್ನು ಹೆಚ್ಚು ನೋಯಿಸಿದ್ದು ನೊಂದವರಿಗೆ ಪರಿಹಾರ ದೊರೆಯದ ಕಷ್ಟವೆಂದು ಆ ಮೂವರೂ ಬರೆದರು. ಕಲೆಕ್ಟರನ ಕಚೇರಿ ದೂರ. ಹೋದರೆ ಕೆಲಸವೂ ಕೆಟ್ಟಿತು, ಕಾಸೂ ಕರಗಿತು. ಅರ್ಜಿ ಬರೆದು ಕಳುಹಿಸಿದರೆ 'ತಹಶೀಲ್ದಾರರಲ್ಲಿ ಹೇಳಿಕೊಳ್ಳತಕ್ಕದ್ದು' ಎಂಬಂಥ ಷರಾ ಹೊತ್ತು ಅದು ಹಿಂದಿರುಗುವುದೆಂಬ ಭಯ.

ಮೂವತ್ತು ವರ್ಷ ಪಾಠ ಹೇಳಿದವನು ನಾನು. ತರಗತಿಯ ಮಾನಿಟರನ ಮೇಲೆ ಹುಡುಗನೊಬ್ಬ ಚೀಟಿ ಕೊಟ್ಟರೆ, ಆ ಚೀಟಿಯನ್ನು ಮಾನಿಟರನ ಕೈಗೇ ಕೊಟ್ಟು ವಿಚಾರಿಸೆಂದರೆ ಆಟದ ಬಯಲಿನಲ್ಲಿ ಏನಾಗುವುದೆಂದು ನೀವೇ ಊಹಿಸಿರಿ. ಅರ್ಜಿಯಲ್ಲಿ ಹೆಸರು, ತಂದೆಯ ಹೆಸರು, ಊರು ಎಲ್ಲವೂ ಇರುತ್ತವಷ್ಟೆ! ಆರೋಪ ರುಜುವಾತಾದರೂ ಮ್ಯಾಜಿಸ್ಟ್ರೇಟನು ವಿಧಿಸಬಹುದಾಗಿದ್ದ ಶಿಕ್ಷೆ ಐವತ್ತು ರೂಪಾಯಿ ದಂಡ, ಇಲ್ಲವೇ ಒಂದು ತಿಂಗಳ ಸೆರೆ.

ವರದಿಯು ತಪ್ಪನ್ನು ದೇಶೀಯ ನೌಕರರ ಮೇಲೆ ಹೊರಿಸಿ ಬಿಳಿಯ ದೊರೆಗಳನ್ನು ಬಿಟ್ಟುಬಿಟ್ಟಿತು. ಇದು ನನಗೆ ಒಪ್ಪಿಗೆಯಿಲ್ಲ. ಷರಾ ಬರೆದ ಕೈ ಯಾರದು? 1857ರಲ್ಲಿ ಕಾರ್ಲ್ ಮಾರ್ಕ್ಸನು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಈ ವರದಿಯನ್ನೇ ಹಿಡಿದು ಕಂಪನಿಯನ್ನು ತರಾಟೆಗೆ ತೆಗೆದುಕೊಂಡನು.

1859ರ ಆಕ್ಟು ಮದರಾಸಿನಲ್ಲಿ ಪೋಲೀಸನ್ನು ಪ್ರತ್ಯೇಕ ಇಲಾಖೆಯನ್ನಾಗಿ ಮಾಡಿತು. ಮೇಲಿನ ಕಚೇರಿಗೆ ಹೋದ ಅರ್ಜಿ ಕೆಳಗಿನ ಕಚೇರಿಗೆ ಇಳಿದುಬರುವ ರೂಢಿಯನ್ನು ಮಾತ್ರ ಅದು ಮುಟ್ಟಲಿಲ್ಲ.