ಎರಡು ಹೆಸರಿನ ಸ್ಟೇಷನ್ನು



ನಮ್ಮ ಭಾನುವಾರದ ಫೋನ್ ಕಾರ್ಯಕ್ರಮಕ್ಕೆ ತಪ್ಪದೆ ಕರೆ ಮಾಡುವ ಹಿರಿಯರೊಬ್ಬರು ಮಾಟುಂಗದಲ್ಲಿದ್ದಾರೆ. ಚಿತ್ರಗೀತೆ ಕೇಳುವುದು ಅವರಿಗೊಂದು ನೆಪ ಅಷ್ಟೆ, ಮಾತೇ ಮುಖ್ಯ. ಹೋದ ತಿಂಗಳು ಅವರು ಹಾಡನ್ನೂ ಕೇಳಲಿಲ್ಲ.

"ಏನಮ್ಮಾ, 1974ರಲ್ಲಿ ನಾನು ಮ್ಯೂನಿಕ್‌ನಿಂದ ಇಸ್ತಾಂಬುಲ್‌ಗೆ ರೈಲಿನಲ್ಲಿ ಹೋದೆ. ಯುಗೊಸ್ಲಾವಿಯದ ಗಡಿಯಲ್ಲಿ ಒಂದು ಪುಟ್ಟ ಊರು. ಎಂಜಿನ್ ಬದಲಾಯಿಸೋಕೆ ಗಾಡಿ ಬಹಳ ಹೊತ್ತು ನಿಂತಿತು. ಬೋರ್ಡಿನಲ್ಲಿ ದಿಮಿತ್ರೋವ್‌ಗ್ರಾದ್ ಅಂತ ಇತ್ತು. ಕಾಫಿ ಕೊಟ್ಟ ಮುದುಕ ಮಾತ್ರ ಎದೆ ತಟ್ಟಿಕೊಂಡು 'ತ್ಸಾರಿಬ್ರೋದ್, ತ್ಸಾರಿಬ್ರೋದ್' ಅಂದ. ಅವನ ಹೆಸರಿರಬೇಕು ಅಂದುಕೊಂಡು ನಾನೂ ಎದೆ ತಟ್ಟಿ ನನ್ನ ಹೆಸರು ಹೇಳಿದೆ. ಅದು ಊರಿನ ಹೆಸರು ಅಂತ ಆಮೇಲೆ ಗೊತ್ತಾಯ್ತು. ಒಂದು ಊರಿಗೆ ಎರಡು ಹೆಸರು ಯಾಕೆ? ಸ್ವಲ್ಪ ನೋಡಿ ಹೇಳ್ತೀಯಾ?"

ನೋಡಿದೆ. ಎರಡು ಹಾಡುಗಳ ನಡುವೆ ಹೇಳಿ ಮುಗಿಸುವ ಕಥೆಯಲ್ಲ ಇದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಊರು ಇಂದು ಸರ್ಬಿಯದ ಪೂರ್ವದ ಅಂಚಿನಲ್ಲಿದೆ. ಪಕ್ಕದಲ್ಲಿ ನೀಶಾವ ಎಂಬ ಹೊಳೆ, ಸುತ್ತ ಬೋಳುಗುಡ್ಡಗಳು, ಐದಾರು ಸಾವಿರ ಜನ. ತನ್ನದೇ ದೇಶದ ನೀಶ್ ನಗರಕ್ಕೆ ಇಲ್ಲಿಂದ ಸುಮಾರು 100 ಕಿಲೋಮೀಟರ್, ಪರದೇಶದ ರಾಜಧಾನಿ ಸೋಫಿಯಾಕ್ಕೆ ಸುಮಾರು 60. ಪ್ರವಾಸಿಗಳು ಹುಡುಕಿಕೊಂಡು ಬರುವ ಊರಲ್ಲ. ಬಂದವರೆಲ್ಲ ಬೇರೆಲ್ಲಿಗೋ ಹೋಗುತ್ತ, ಪಾಸ್‌ಪೋರ್ಟ್ ತೋರಿಸಲು ನಿಂತವರು. ತ್ಸಾರಿಬ್ರೋದ್ ಎಂದರೆ ಚಕ್ರವರ್ತಿಯ ಕಡವು, ದೊರೆ ಹೊಳೆ ದಾಟುವ ಜಾಗ. ಹೆಸರಿನಲ್ಲೇ ದಾಟುವಿಕೆ ಇದೆ. ಆದರೆ ಈ ಊರಿನ ಚರಿತ್ರೆಯಲ್ಲಿ ಜನ ಗಡಿಯನ್ನು ದಾಟಿದ್ದಕ್ಕಿಂತ ಗಡಿ ಜನರನ್ನು ದಾಟಿಹೋದದ್ದೇ ಹೆಚ್ಚು.

ಐದು ಶತಮಾನಗಳ ತುರ್ಕಿ ಆಳ್ವಿಕೆ ಕಳಚಿ ಬೀಳುತ್ತಿದ್ದಾಗ, 1878ರಲ್ಲಿ, ಯುರೋಪಿನ ದೊಡ್ಡ ರಾಷ್ಟ್ರಗಳು ಬರ್ಲಿನ್‌ನಲ್ಲಿ ಕೂತು ನಕ್ಷೆಯ ಮೇಲೆ ಗೆರೆ ಎಳೆದವು. ಪಿರೋತ್ ಪಟ್ಟಣ ಸರ್ಬಿಯಕ್ಕೆ, ಅದರ ಪಕ್ಕದ ತ್ಸಾರಿಬ್ರೋದ್ ಬಲ್ಗೇರಿಯಕ್ಕೆ. ಏಳು ವರ್ಷಕ್ಕೇ ಯುದ್ಧ. 1885ರ ನವೆಂಬರ್‌ನಲ್ಲಿ ಸರ್ಬಿಯದ ಸೈನ್ಯ ಇದೇ ಊರಿನ ಮೇಲೆ ಹಾದು ಸೋಫಿಯಾದತ್ತ ನುಗ್ಗಿತು. ಸ್ಲಿವ್‌ನಿತ್ಸದಲ್ಲಿ ಸೋತು ಇದೇ ದಾರಿಯಲ್ಲಿ ಹಿಂದಕ್ಕೆ ಓಡಿತು. ಬಿ.ಎ.ಯಲ್ಲಿ ಬರ್ನಾರ್ಡ್ ಷಾನ 'ಆರ್ಮ್ಸ್ ಅಂಡ್ ದ ಮ್ಯಾನ್' ಓದಿದವರಿಗೆ ಈ ಯುದ್ಧ ಗೊತ್ತು. ಗುಂಡಿನ ಬದಲು ಚಾಕೊಲೇಟ್ ಇಟ್ಟುಕೊಂಡ ಸಿಪಾಯಿ ಓಡಿಬರುವುದು ಈ ಯುದ್ಧದಿಂದಲೇ. ನಾವು ನಕ್ಕು ಪಾಸಾದೆವು. ಆ ಗುಡ್ಡಗಳಲ್ಲಿ ನಿಜವಾಗಿ ಜನ ಇದ್ದಾರೆಂದು ನನಗಂತೂ ಆಗ ಹೊಳೆದಿರಲಿಲ್ಲ.

1888ರಲ್ಲಿ ರೈಲು ಬಂತು. ಅದಕ್ಕೆ ಮೊದಲು ಓರಿಯೆಂಟ್ ಎಕ್ಸ್‌ಪ್ರೆಸ್ಸಿನ ಪ್ರಯಾಣಿಕರು ಕೊನೆಯ ಹಂತವನ್ನು ಕಪ್ಪು ಸಮುದ್ರದ ಹಡಗಿನಲ್ಲಿ ಮುಗಿಸಬೇಕಿತ್ತು. ನೀಶ್–ಸೋಫಿಯಾ ಹಳಿ ಕೂಡಿದ ಮೇಲೆ ಯುರೋಪಿನಿಂದ ಇಸ್ತಾಂಬುಲ್‌ವರೆಗೂ ನೆಲದ ಮೇಲೇ ಹೋಗಬಹುದಾಯಿತು. ತ್ಸಾರಿಬ್ರೋದಿನಿಂದ ಸೋಫಿಯಾ ದಾಟಿ ವಕಾರೆಲ್‌ವರೆಗಿನ ಹಳಿಯನ್ನು ಹಾಕಿದ್ದು ಹೊಸ ಬಲ್ಗೇರಿಯ ಸರ್ಕಾರ. ಬಡ ದೇಶ, ಹೊಸ ಸ್ವಾತಂತ್ರ್ಯ, ಸ್ವಂತ ರೈಲು. ಅವರಿಗೆ ಅದೆಷ್ಟು ಹೆಮ್ಮೆಯಾಗಿದ್ದಿರಬೇಕು!

ನಮ್ಮ ಹಿರಿಯರಿಗೆ ಕಾಫಿ ಕೊಟ್ಟ ಮುದುಕನಿಗೆ 1974ರಲ್ಲಿ ಎಪ್ಪತ್ತಾಗಿತ್ತು ಎಂದು ಇಟ್ಟುಕೊಳ್ಳೋಣ. ಹಾಗಾದರೆ ಅವನು ಹುಟ್ಟಿದ್ದು ಬಲ್ಗೇರಿಯದಲ್ಲಿ. ಹನ್ನೊಂದು ವರ್ಷದವನಿದ್ದಾಗ ಬಲ್ಗೇರಿಯ ಜರ್ಮನಿಯ ಕಡೆ ಸೇರಿ ಮೊದಲ ಮಹಾಯುದ್ಧಕ್ಕೆ ಇಳಿಯಿತು, ಸರ್ಬಿಯವನ್ನು ತುಳಿಯಿತು, ಕೊನೆಗೆ ಸೋತಿತು. ಸೋಲಿನ ಬೆಲೆಯನ್ನು 1919ರ ನವೆಂಬರ್ 27ರಂದು ಪ್ಯಾರಿಸ್ ಪಕ್ಕದ ನೆಯ್ಯಿಯಲ್ಲಿ ಬರೆದರು. 225 ಕೋಟಿ ಚಿನ್ನದ ಫ್ರಾಂಕ್ ದಂಡ, ಸೈನ್ಯ 20 ಸಾವಿರಕ್ಕೆ ಮಿತಿ. ಅದರ ಜೊತೆಗೆ ತ್ಸಾರಿಬ್ರೋದ್, ಬೊಸಿಲೆಗ್ರಾದ್ ಮೊದಲಾದ ಪ್ರದೇಶಗಳು ಹೊಸ ಸರ್ಬ್–ಕ್ರೊಯೇಟ್–ಸ್ಲೊವೀನ್ ರಾಜ್ಯಕ್ಕೆ. ಅಲ್ಲಿದ್ದವರು ಹೆಚ್ಚಾಗಿ ಬಲ್ಗೇರಿಯನ್ನರೇ. ಆದರೆ ಗೆರೆ ಎಳೆದದ್ದು ಜನರನ್ನು ನೋಡಿಕೊಂಡಲ್ಲ, ಗುಡ್ಡ ಮತ್ತು ರೈಲು ಹಳಿಯ ಕಾವಲು ನೋಡಿಕೊಂಡು. 1920ರ ನವೆಂಬರ್‌ನಲ್ಲಿ ಊರು ಕೈ ಬದಲಾಯಿತು. ಸ್ಟೇಷನ್ನೂ ಹೋಯಿತು.

ಆ ಗೆರೆ ಕೆಲವು ಕಡೆ ಹಳ್ಳಿಗಳನ್ನೇ ಸೀಳಿತು. ಇನ್ನೂ ದಕ್ಷಿಣಕ್ಕಿರುವ ಸ್ತ್ರೆಜಿಮಿರೊವ್‌ತ್ಸಿ ಎಂಬ ಹಳ್ಳಿ ಇಂದಿಗೂ ಅರ್ಧ ಸರ್ಬಿಯದಲ್ಲಿ, ಅರ್ಧ ಬಲ್ಗೇರಿಯದಲ್ಲಿ ಇದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕೇಳುಗರಿಗೆ ಗೆರೆಯ ಆಚೆ ಉಳಿಯುವುದು ಅಂದರೇನೆಂದು ನಾನು ಹೇಳಬೇಕಾಗಿಲ್ಲ. ಆದರೆ ಅಲ್ಲಿಯದು ಪಾಸ್‌ಪೋರ್ಟಿನ ಗೆರೆ, ಬಂದೂಕಿನ ಗೆರೆ.

ಹೊಸ ರಾಜ್ಯದಲ್ಲಿ ಶಾಲೆಯ ಭಾಷೆ ಬದಲಾಯಿತು, ಮನೆತನದ ಹೆಸರುಗಳ ಬಾಲವೂ ಬದಲಾಯಿತು. ನಿನ್ನೆ ಪೆತ್ರೋವ್ ಆಗಿದ್ದವನು ಇಂದು ಪೆತ್ರೊವಿಚ್. ಮನೆಯೊಳಗೆ ಮಾತ್ರ ಅದೇ ಹಳೆಯ ಮಾತು. ಟೊರ್ಲಾಕ್ ಎಂದು ಕರೆಯುವ ಈ ಕಡೆಯ ಆಡುನುಡಿ ಸರ್ಬಿಯನ್ನಿಗೂ ಬಲ್ಗೇರಿಯನ್ನಿಗೂ ನಡುವಿನದು. ಪಿರೋತ್‌ನಲ್ಲೂ ತ್ಸಾರಿಬ್ರೋದಿನಲ್ಲೂ ಅಜ್ಜಿಯರಿಗೆ ಪರಸ್ಪರ ಮಾತು ಅರ್ಥವಾಗಲು ದುಭಾಷಿ ಬೇಕಾಗಿರಲಿಲ್ಲ. ದುಭಾಷಿ ಬೇಕಾದದ್ದು ಸರ್ಕಾರಗಳಿಗೆ.

1941ರಲ್ಲಿ ಹಿಟ್ಲರ್ ಯುಗೊಸ್ಲಾವಿಯವನ್ನು ಒಡೆದ. ಊರು ಮತ್ತೆ ಬಲ್ಗೇರಿಯಕ್ಕೆ. 1944ರಲ್ಲಿ ಮತ್ತೆ ಯುಗೊಸ್ಲಾವಿಯಕ್ಕೆ. ನಮ್ಮ ಮುದುಕನಿಗೆ ಆಗ ನಲವತ್ತು. ಮನೆಯ ಹೊಸಿಲು ದಾಟದೆ ಮೂರು ಸಲ ದೇಶ ಬದಲಾಯಿಸಿದ್ದ.

ಇನ್ನು ಎರಡನೆಯ ಹೆಸರಿನ ಕಥೆ. ಯುದ್ಧದ ನಂತರ ಎರಡೂ ಕಡೆ ಕಮ್ಯುನಿಸ್ಟರು. ಯುಗೊಸ್ಲಾವಿಯದಲ್ಲಿ ಟಿಟೊ, ಬಲ್ಗೇರಿಯದಲ್ಲಿ ಗೆಯೊರ್ಗಿ ದಿಮಿತ್ರೋವ್. ಜರ್ಮನ್ ಸಂಸತ್ತಿಗೆ ಬೆಂಕಿ ಇಟ್ಟ ಆರೋಪದ ಮೇಲೆ 1933ರಲ್ಲಿ ಲೈಪ್‌ಜಿಗ್‌ನ ಕಟಕಟೆಯಲ್ಲಿ ನಿಂತು, ತನ್ನ ವಾದ ತಾನೇ ಮಾಡಿ, ಗೋರಿಂಗ್‌ನನ್ನೇ ಪ್ರಶ್ನೆ ಕೇಳಿ ಬಿಡುಗಡೆಯಾಗಿ ಬಂದವನು ಈ ದಿಮಿತ್ರೋವ್. 1947ರಲ್ಲಿ ಇಬ್ಬರೂ ಬ್ಲೆಡ್ ಎಂಬಲ್ಲಿ ಕೂತು ಒಪ್ಪಂದ ಮಾಡಿಕೊಂಡರು. ಎರಡೂ ದೇಶ ಸೇರಿ ಒಂದು ಒಕ್ಕೂಟ ಆಗುವ ಕನಸಿತ್ತು. ಆಗ ತ್ಸಾರಿಬ್ರೋದ್ ಬಲ್ಗೇರಿಯಕ್ಕೆ ಮರಳುವ ಮಾತೂ ಇತ್ತು. ಗಡಿಯೇ ಅಳಿದುಹೋದರೆ ಯಾರ ಕಡೆ ಇದ್ದರೇನು! ಮರುವರ್ಷದ ಜೂನ್‌ನಲ್ಲಿ ಸ್ಟಾಲಿನ್–ಟಿಟೊ ಜಗಳ ಬಹಿರಂಗವಾಯಿತು. ಬಲ್ಗೇರಿಯ ಸ್ಟಾಲಿನ್ ಪಕ್ಷ. ಅಳಿಯಬೇಕಾಗಿದ್ದ ಗಡಿ ಬಿಗಿಯಾಗಿ ಮುಚ್ಚಿತು. ಅಣ್ಣ ಆಚೆ, ತಂಗಿ ಈಚೆ. 1949ರ ಜುಲೈನಲ್ಲಿ ದಿಮಿತ್ರೋವ್ ತೀರಿಕೊಂಡ. 1950ರಲ್ಲಿ ತ್ಸಾರಿಬ್ರೋದ್‌ಗೆ ಅವನ ಹೆಸರಿಟ್ಟರು, ಅದೂ ಜಗಳ ಕಾದಿರುವಾಗ, ಯುಗೊಸ್ಲಾವಿಯದವರೇ!

ಯಾಕಿಟ್ಟರು? ಹೆಸರಿನಲ್ಲಿ 'ತ್ಸಾರ್' ಇದ್ದದ್ದು ಕಮ್ಯುನಿಸ್ಟರ ಕಿವಿಗೆ ಹಿತವಾಗಿರಲಿಕ್ಕಿಲ್ಲ. ಸ್ಟಾಲಿನ್ನನ ದಿಮಿತ್ರೋವ್ ಬೇರೆ, ನಮ್ಮ ದಿಮಿತ್ರೋವ್ ಬೇರೆ ಎಂದು ಅಲ್ಲಿನ ಬಲ್ಗೇರಿಯನ್ನರಿಗೆ ತೋರಿಸುವ ಉಪಾಯವೂ ಇದ್ದೀತು. ಇದು ನನ್ನ ಊಹೆ. ತಮಾಷೆಯೆಂದರೆ ಬಲ್ಗೇರಿಯದಲ್ಲೂ 1947ರಲ್ಲಿ ಕಟ್ಟಿದ ಒಂದು ದಿಮಿತ್ರೋವ್‌ಗ್ರಾದ್ ಇದೆ, 1972ರಿಂದ ರಷ್ಯದಲ್ಲೂ ಒಂದಿದೆ. ಸರ್ಬಿಯನ್ ಲಿಪಿಯಲ್ಲೂ ಬಲ್ಗೇರಿಯನ್ ಲಿಪಿಯಲ್ಲೂ ಆ ಹೆಸರನ್ನು ಬರೆಯುವುದು ಅದೇ ಅಕ್ಷರಗಳಲ್ಲಿ. ಬೋರ್ಡು ಬರೆಯುವವನಿಗೆ ಅಷ್ಟರಮಟ್ಟಿಗೆ ಸಲೀಸು.

ಆಮೇಲಿನದನ್ನು ಬೇಗ ಹೇಳುತ್ತೇನೆ. ಪ್ಯಾರಿಸ್‌ನಿಂದ ಇಸ್ತಾಂಬುಲ್‌ಗೆ ಈ ಊರಿನ ಮೇಲೆ ಹೋಗುತ್ತಿದ್ದ ನೇರ ಓರಿಯೆಂಟ್ ಗಾಡಿ 1977ರ ಮೇ ತಿಂಗಳಲ್ಲಿ ನಿಂತಿತು. 1992ರಲ್ಲಿ ವಿಶ್ವಸಂಸ್ಥೆ ಯುಗೊಸ್ಲಾವಿಯದ ಮೇಲೆ ದಿಗ್ಬಂಧನ ಹೇರಿದಾಗ ಈ ಗಡಿಯಲ್ಲಿ ಪೆಟ್ರೋಲು ಕಳ್ಳಸಾಗಣೆಯೇ ದಂಧೆಯಾಯಿತು. 2003ರಲ್ಲಿ ದೇಶದ ಹೆಸರು ಬದಲಾಯಿತು, 2006ರಲ್ಲಿ ಇನ್ನೊಮ್ಮೆ. 2007ರಲ್ಲಿ ಬಲ್ಗೇರಿಯ ಯುರೋಪಿಯನ್ ಒಕ್ಕೂಟ ಸೇರಿತು. ಊರು ಮಾತ್ರ ಹೊರಗೇ ಉಳಿಯಿತು. ಹೊಸ ಹೆದ್ದಾರಿ ಊರನ್ನು ಬಳಸಿ ಹೋಗುತ್ತದೆ. ಹಾಗಾಗಿ ಕಾಫಿಗೆಂದು ನಿಲ್ಲುವವರೂ ಈಗ ಕಡಿಮೆ.

ಹತ್ತಿರದ ಪೊಗಾನೊವೊ ಮಠದಲ್ಲಿ 1499ರ ಭಿತ್ತಿಚಿತ್ರಗಳಿವೆ. ಗೋಡೆಯ ಚಿತ್ರಗಳು ಸರ್ಬಿಯದಲ್ಲಿ ಉಳಿದವು. ಅದೇ ಮಠದ, ಎರಡೂ ಮುಖದಲ್ಲಿ ಬಣ್ಣವಿರುವ ಹದಿನಾಲ್ಕನೆಯ ಶತಮಾನದ ಪ್ರಸಿದ್ಧ ಪಟ ಸೋಫಿಯಾದ ಸಂಗ್ರಹಾಲಯದಲ್ಲಿದೆ. ಬಲ್ಗೇರಿಯನ್ನರ ಬಾಯಲ್ಲಿ ಊರು ಇಂದಿಗೂ ತ್ಸಾರಿಬ್ರೋದ್.

ಇಷ್ಟನ್ನೂ ಹಿರಿಯರಿಗೆ ಫೋನಿನಲ್ಲಿ ಮೊದಲೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಲ್ಲಮ್ಮಾ," ಅಂದರು, "ನನ್ನ ಹೆಸರು ಅವನಿಗೆ ಹೇಳಿ ಬಂದೆ. ಅವನ ಹೆಸರು ಕೇಳಲೇ ಇಲ್ಲ ನೋಡು."